ಹೆಸರಿಲ್ಲದ ಪದಕಗಳು



ಅಂಚೆಚೀಟಿ ಕೂಡಿಡುವವರು, ಹಳೆಯ ನಾಣ್ಯ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವತ್ತು ನಾನು ಮಾತಾಡಲಿರುವುದು ಅಷ್ಟಾಗಿ ಪರಿಚಯವಿಲ್ಲದ ಒಂದು ಸಂಗ್ರಹದ ಬಗ್ಗೆ. ಜರ್ಮನಿಯ ಹಳೆಯ ಸೈನಿಕ ಪದಕಗಳನ್ನು ಕೂಡಿಡುವುದು ಹೇಗೆ, ಎಲ್ಲಿಂದ ಶುರುಮಾಡಬೇಕು, ಎಲ್ಲಿ ಎಚ್ಚರವಾಗಿರಬೇಕು ಎಂಬುದು ವಿಷಯ. ಪದಕ ಕೊಳ್ಳುವ ಉದ್ದೇಶ ನಿಮಗಿಲ್ಲದಿದ್ದರೂ ಕೇಳಬಹುದು. ಒಂದು ಹಳೆಯ ವಸ್ತುವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಎಲ್ಲರದೂ ತಾನೆ?

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಮೊದಲನೆಯ ಮಹಾಯುದ್ಧಕ್ಕಾಗಿ ಬ್ರಿಟಿಷ್ ಸರ್ಕಾರ ತನ್ನ ಸೈನಿಕರಿಗೂ ಅವರ ಜೊತೆಗೆ ಹೋರಾಡಿದ ಭಾರತೀಯರಿಗೂ ಪದಕಗಳನ್ನು ಕೊಟ್ಟಿತಲ್ಲ, ಅಂಥದೊಂದು ಬೆಳ್ಳಿಯ ಪದಕ ಸಿಕ್ಕರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಅಕ್ಷರಗಳಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಅವನ ಪಡೆ ಎಲ್ಲವೂ ಅಚ್ಚಾಗಿರುತ್ತವೆ. ಪದಕ ಕೈಗೆ ಬಂದರೆ ಮನುಷ್ಯನೂ ಸಿಕ್ಕಿದ ಹಾಗೆ. ಜರ್ಮನ್ ಪದಕದಲ್ಲಿ ಅಪರೂಪದ ಕೆಲವನ್ನು ಬಿಟ್ಟರೆ ಹೆಸರೇ ಇರುವುದಿಲ್ಲ. ರಾಜನ ಮೊದಲಕ್ಷರ ಇರುತ್ತದೆ, ಕಿರೀಟ ಇರುತ್ತದೆ, ಇಸವಿ ಇರುತ್ತದೆ. ಅದನ್ನು ಎದೆಗೆ ತೊಟ್ಟವನು ಯಾರೆಂದು ಲೋಹ ಹೇಳುವುದಿಲ್ಲ. ಹಾಗಾಗಿ ಈ ಹಾದಿಗೆ ಬಂದವನಿಗೆ ಪದಕವನ್ನು ಕೊಳ್ಳುವುದು ಅರ್ಧ ಕೆಲಸ. ಅದರ ರಿಬ್ಬನ್ನು, ಅದರ ಕಾಗದ, ಅದರ ಸವೆತ ಇವುಗಳಿಂದ ಕಳೆದುಹೋದ ಮನುಷ್ಯನ ಕಡೆಗೆ ಎಷ್ಟು ದೂರ ನಡೆಯಲಾಗುತ್ತದೋ ಅಷ್ಟು ನಡೆಯುವುದು ಉಳಿದರ್ಧ.

ಎಲ್ಲರೂ ಹೆಸರು ಕೇಳಿರುವ ಪದಕ ಐರನ್ ಕ್ರಾಸ್. ಕಬ್ಬಿಣದ ಶಿಲುಬೆ. ಪ್ರಷ್ಯದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮ್ 1813ರಲ್ಲಿ ನೆಪೋಲಿಯನ್ನನ ವಿರುದ್ಧ ಯುದ್ಧಕ್ಕೆ ಹೊರಟಾಗ ಬ್ರೆಸ್ಲಾವ್ ನಗರದಲ್ಲಿ ಅದನ್ನು ಸ್ಥಾಪಿಸಿದ. ಆ ಊರು ಇಂದು ಪೋಲೆಂಡಿನ ವ್ರೊಟ್ಸ್ಲಾವ್. ಶಾಸನಕ್ಕೆ ಹಾಕಿದ ದಿನಾಂಕ ಮಾರ್ಚ್ 10. ಅದು ಮೂರು ವರ್ಷದ ಹಿಂದೆ ತೀರಿಕೊಂಡಿದ್ದ ಅವನ ರಾಣಿ ಲೂಯಿಸಳ ಹುಟ್ಟಿದ ದಿನ. ದೊರೆ ಗೀಚಿಕೊಟ್ಟ ಚಿತ್ರವನ್ನು ತಿದ್ದಿ ರೂಪ ಕೊಟ್ಟವನು ಕಾರ್ಲ್ ಫ್ರೆಡ್ರಿಕ್ ಶಿಂಕೆಲ್. ಬರ್ಲಿನ್ ನಗರದ ಹಲವು ಹೆಸರಾಂತ ಕಟ್ಟಡಗಳ ವಾಸ್ತುಶಿಲ್ಪಿಯೂ ಅವನೇ.

ಕಬ್ಬಿಣವೇ ಏಕೆ ಎನ್ನುತ್ತೀರಾ? ಸೋತು ಸುಣ್ಣವಾಗಿದ್ದ ರಾಜ್ಯದ ಬೊಕ್ಕಸದಲ್ಲಿ ಹಣವಿರಲಿಲ್ಲ. ಯುದ್ಧದ ಖರ್ಚಿಗೆಂದು ಹೆಂಗಸರು ಚಿನ್ನದ ಒಡವೆ ಕೊಟ್ಟು, ಬದಲಿಗೆ ಕಬ್ಬಿಣದ ಉಂಗುರ, ಸರ ಪಡೆದು ಅದನ್ನೇ ಹೆಮ್ಮೆಯಿಂದ ತೊಟ್ಟ ಕಾಲ ಅದು. ಆ ಕಾಲದ ಮರ್ಯಾದೆಯ ಲೋಹ ಕಬ್ಬಿಣವೇ ಆಗಿತ್ತು. ಅದಕ್ಕಿಂತ ದೊಡ್ಡ ಮಾತು, ಈ ಪದಕ ಅಧಿಕಾರಿಗೂ ಸಿಪಾಯಿಗೂ ಒಂದೇ. ಅಲ್ಲಿಯವರೆಗೆ ಶ್ರೀಮಂತ ಮನೆತನದ ಅಧಿಕಾರಿಗಳಿಗೆ ಒಂದು ಬಗೆ, ಸಾಮಾನ್ಯ ಸೈನಿಕನಿಗೆ ಇನ್ನೊಂದು ಬಗೆ ಎಂದು ಪದಕಗಳು ಬೇರೆಬೇರೆ ಇದ್ದವು. ಇಲ್ಲಿ ಎರಡನೆಯ ದರ್ಜೆ ಗೆದ್ದವನಿಗೆ ಮುಂದೆ ಮೊದಲನೆಯ ದರ್ಜೆ, ಅಷ್ಟೇ. ಹುಟ್ಟು ಯಾವುದೆಂದು ಕೇಳುವವರಿಲ್ಲ. ಗಂಡಸಿನ ವೇಷದಲ್ಲಿ ಸೈನ್ಯ ಸೇರಿದ ಫ್ರೆಡರಿಕೆ ಕ್ರೂಗರ್ ಎಂಬ ಹುಡುಗಿ ಡೆನ್ನೆವಿಟ್ಸ್ ಕಾಳಗದಲ್ಲಿ ಗಾಯಗೊಂಡಳು, ಅವಳ ಗುಟ್ಟೂ ಬಯಲಾಯಿತು. ಅವಳನ್ನು ಮನೆಗೆ ಕಳಿಸಲಿಲ್ಲ. ಸೈನ್ಯದಲ್ಲೇ ಉಳಿಸಿಕೊಂಡರು, ಬಡ್ತಿ ಕೊಟ್ಟರು, ಕಬ್ಬಿಣದ ಶಿಲುಬೆಯನ್ನೂ ಕೊಟ್ಟರು.

ಈ ಪದಕ ಯಾವಾಗಲೂ ಜಾರಿಯಲ್ಲಿದ್ದದ್ದಲ್ಲ. ಒಂದು ಯುದ್ಧಕ್ಕೆಂದು ಹುಟ್ಟಿ ಆ ಯುದ್ಧದೊಂದಿಗೆ ಮುಗಿಯುತ್ತಿತ್ತು. 1870ರಲ್ಲಿ ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಮತ್ತೆ ಜೀವ ಬಂತು, 1914ರಲ್ಲಿ ಇನ್ನೊಮ್ಮೆ, 1939ರಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಆಯಾ ಇಸವಿಯನ್ನು ಕೆಳಗಿನ ತೋಳಿನಲ್ಲಿ ಅಚ್ಚುಹಾಕಿದರು. ಮೊದಲನೆಯ ಮಹಾಯುದ್ಧದಲ್ಲಿ ಎರಡನೆಯ ದರ್ಜೆಯ ಶಿಲುಬೆ 50 ಲಕ್ಷಕ್ಕೂ ಹೆಚ್ಚು ಮಂದಿಗೆ ಸಂದಿತು. ಮೊದಲನೆಯ ದರ್ಜೆ ಸುಮಾರು ಎರಡು ಲಕ್ಷಕ್ಕೆ. ಅವೆರಡಕ್ಕಿಂತ ಮೇಲಿನ ಗ್ರ್ಯಾಂಡ್ ಕ್ರಾಸ್ ಸಂದದ್ದು ಐದೇ ಜನಕ್ಕೆ: ಹಿಂಡೆನ್‌ಬರ್ಗ್, ಲೂಡೆನ್‌ಡಾರ್ಫ್, ಮ್ಯಾಕೆನ್‌ಸೆನ್, ಬವೇರಿಯದ ರಾಜಕುಮಾರ ಲಿಯೋಪೋಲ್ಡ್, ಐದನೆಯವನು ಚಕ್ರವರ್ತಿ ಕೈಸರ್ ಸ್ವತಃ! ಈ ಅಂಕಿಗಳಲ್ಲಿ ಹೊಸಬನಿಗೆ ಒಂದು ಪಾಠವಿದೆ. 1914ರ ಎರಡನೆಯ ದರ್ಜೆಯ ಶಿಲುಬೆ ಅಪರೂಪದ ವಸ್ತುವಲ್ಲ. 'ಅತಿ ವಿರಳ' ಎಂದು ಯಾರಾದರೂ ಬೆಲೆ ಏರಿಸಿದರೆ ನಗುತ್ತ ಮುಂದಕ್ಕೆ ಹೋಗಬಹುದು.

ಜರ್ಮನ್ ಪದಕ ಎಂದರೆ ಈ ಶಿಲುಬೆ ಒಂದೇ ಎಂದುಕೊಳ್ಳಬೇಡಿ. 1871ರಲ್ಲಿ ಹುಟ್ಟಿದ ಜರ್ಮನ್ ಸಾಮ್ರಾಜ್ಯ ಹಲವು ರಾಜ್ಯಗಳ ಒಕ್ಕೂಟ. ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವ್ಯುರ್ಟೆಂಬರ್ಗ್ ಎಂಬ ನಾಲ್ಕು ರಾಜ್ಯಗಳು. ಅವುಗಳ ಕೆಳಗೆ ದೊಡ್ಡ ಸಣ್ಣ ಡಚ್ಚಿಗಳು, ಪುಟ್ಟ ಸಂಸ್ಥಾನಗಳು, ಜೊತೆಗೆ ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ನಗರಗಳು. ಇವರಲ್ಲಿ ಬಹುತೇಕ ಎಲ್ಲರಿಗೂ ತಮ್ಮದೇ ಪದಕಗಳು. ಸ್ಯಾಕ್ಸನಿಯ ಸೇಂಟ್ ಹೆನ್ರಿ ಸೈನಿಕ ಪದಕ 1736ರಷ್ಟು ಹಳೆಯದು. ಪ್ರಷ್ಯದ ಪೂರ್ ಲ ಮೆರಿಟ್ ಎಂಬ ನೀಲಿ ಎನಾಮೆಲ್ಲಿನ ಶಿಲುಬೆಯನ್ನು 1740ರಲ್ಲಿ ದೊರೆ ಫ್ರೆಡ್ರಿಕ್ ದಿ ಗ್ರೇಟ್ ಸ್ಥಾಪಿಸಿದ. ಬವೇರಿಯದ ಮ್ಯಾಕ್ಸ್ ಜೋಸೆಫ್ ಪದಕ 1806ರದು. ಇವೆಲ್ಲ ಒಡವೆಯಂಥವು. ನೋಡಲು ಚೆಂದ, ಕೊಳ್ಳಲು ಕೈಗೆಟುಕದವು.

ಎಲ್ಲವನ್ನೂ ಕೂಡಿಡುತ್ತೇನೆ ಎಂದು ಹೊರಟವನು ಯಾವುದನ್ನೂ ಬಲ್ಲವನಾಗುವುದಿಲ್ಲ. ಒಂದು ಸಣ್ಣ ವಲಯ ಆರಿಸಿಕೊಳ್ಳಿ. ಹ್ಯಾನ್ಸಿಯಾಟಿಕ್ ಕ್ರಾಸ್ ಅದಕ್ಕೊಂದು ಒಳ್ಳೆಯ ಉದಾಹರಣೆ. ಹೇಳಿದೆನಲ್ಲ, ಮೂರು ನಗರಗಳು ಎಂದು. 1915ರಲ್ಲಿ ಆ ಮೂರೂ ಕೂಡಿ ಒಂದೇ ಆಕಾರದ ಕೆಂಪು ಎನಾಮೆಲ್ಲಿನ ಶಿಲುಬೆಯನ್ನು ಹೊರತಂದವು. ನಡುವೆ ಮಾತ್ರ ಅವರವರ ನಗರದ ಲಾಂಛನ. ಹ್ಯಾಂಬರ್ಗಿಗೆ ಕೋಟೆಯ ಬಾಗಿಲು, ಬ್ರೆಮೆನ್ನಿಗೆ ಬೀಗದ ಕೈ, ಲ್ಯೂಬೆಕ್ಕಿಗೆ ಎರಡು ತಲೆಯ ಹದ್ದು. ಮೂರನ್ನು ಪಕ್ಕಪಕ್ಕದಲ್ಲಿಟ್ಟರೆ ಅದೇ ಒಂದು ಪೂರ್ತಿ ಸಂಗ್ರಹ. ಇನ್ನೊಂದು, 1870–71ರ ಯುದ್ಧದ ಸ್ಮಾರಕ ಪದಕ. ಹೋರಾಡಿದವರಿಗೆ ಕೊಟ್ಟ ಪದಕವನ್ನು ಸೆರೆಹಿಡಿದ ಫ್ರೆಂಚ್ ಫಿರಂಗಿಗಳ ಕಂಚನ್ನು ಕರಗಿಸಿ ಮಾಡಿದರು, ಹಾಗೆಂದು ಅದರ ಅಂಚಿನ ಮೇಲೇ ಬರೆದರು. ಯುದ್ಧಭೂಮಿಗೆ ಇಳಿಯದೆ ಸೇವೆ ಮಾಡಿದವರಿಗೆ ಅದೇ ಪದಕ ಉಕ್ಕಿನಲ್ಲಿ. ಇವು ಇವತ್ತಿಗೂ ಸಾಮಾನ್ಯನ ಜೇಬಿಗೆ ನಿಲುಕುವಂಥವು.

ಹಾಗಾದರೆ ಮೊದಲ ಪದಕ ಯಾವುದು? ನನ್ನನ್ನು ಕೇಳಿದರೆ ಹಿಂಡೆನ್‌ಬರ್ಗ್ ಶಿಲುಬೆ ಎನ್ನುತ್ತೇನೆ. ಮೊದಲನೆಯ ಮಹಾಯುದ್ಧ ಮುಗಿದು ಸುಮಾರು ಹದಿನಾರು ವರ್ಷವಾದ ಮೇಲೆ, 1934ರ ಜುಲೈ 13ರಂದು, ಜರ್ಮನಿಯ ಅಧ್ಯಕ್ಷನಾಗಿದ್ದ ಹಿಂಡೆನ್‌ಬರ್ಗ್ ಇದನ್ನು ಸ್ಥಾಪಿಸಿದ. ಮೂರು ವಾರ ಕಳೆಯುವುದರೊಳಗೆ, ಆಗಸ್ಟ್ 2ರಂದು, ಅವನು ತೀರಿಕೊಂಡ. ಪದಕ ಮಾತ್ರ ಮುಂದೆ ವರ್ಷಗಟ್ಟಲೆ ಹಂಚಿಕೆಯಾಗುತ್ತಲೇ ಹೋಯಿತು. ಒಟ್ಟು 80 ಲಕ್ಷ ದಾಟಿತು ಎಂಬುದು ಲೆಕ್ಕ. ಆದ್ದರಿಂದಲೇ ಇವತ್ತು ಹತ್ತಾರು ಯೂರೋ ಕೊಟ್ಟರೆ ಸಿಗುತ್ತದೆ.

ಅಗ್ಗ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಇದರಲ್ಲಿ ಮೂರು ಬಗೆ ಇವೆ, ಆ ಮೂರರಲ್ಲಿ ಒಂದು ಇಡೀ ಸಮಾಜ ಕಾಣುತ್ತದೆ. ರಣರಂಗದಲ್ಲಿ ಹೋರಾಡಿದವನಿಗೆ ಕತ್ತಿಗಳಿರುವ ಶಿಲುಬೆ. ಹಿಂದಿನ ಸಾಲಿನಲ್ಲಿದ್ದವನಿಗೆ ಕತ್ತಿಗಳಿಲ್ಲದ್ದು. ಮೂರನೆಯದು ಕಪ್ಪು ಬಣ್ಣದ್ದು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಡತಿಗೆ, ಮಗನನ್ನು ಕಳೆದುಕೊಂಡ ತಂದೆತಾಯಿಗೆ. ಹೋರಾಡಿದವರ ಶಿಲುಬೆ ರಾಶಿರಾಶಿ ಸಿಗುತ್ತದೆ, ಕಪ್ಪು ಶಿಲುಬೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಪದಕ ತಾನಾಗಿ ಮನೆಗೆ ಬರುತ್ತಿರಲಿಲ್ಲ, ಅರ್ಜಿ ಹಾಕಬೇಕಿತ್ತು. ಸ್ಥಳೀಯ ಪೊಲೀಸ್ ಅಧಿಕಾರಿಯ ಸಹಿ, ಮೊಹರು ಬಿದ್ದ ಪ್ರಮಾಣಪತ್ರ ಜೊತೆಗೆ ಬರುತ್ತಿತ್ತು. ಆ ಹಾಳೆಯಲ್ಲಿ ಹೆಸರಿರುತ್ತದೆ, ಊರಿರುತ್ತದೆ, ತಾರೀಖಿರುತ್ತದೆ. ಲೋಹದಲ್ಲಿ ಇಲ್ಲದ ಮನುಷ್ಯ ಕಾಗದದಲ್ಲಿ ಇದ್ದಾನೆ. ಹಾಗಾಗಿ ಬರಿಯ ಶಿಲುಬೆ ಕೊಳ್ಳುವ ಬದಲು ನಾಲ್ಕು ಕಾಸು ಹೆಚ್ಚಾದರೂ ಪ್ರಮಾಣಪತ್ರ ಸಮೇತ ಇರುವುದನ್ನೇ ಹುಡುಕಿ.

ಈ ಹಾಳೆಗಳಲ್ಲಿ ಕೆಲವು ಮನಸ್ಸನ್ನು ಕಲಕುವಂಥವು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಸುಮಾರು ಒಂದು ಲಕ್ಷ ಯಹೂದಿಗಳು ಹೋರಾಡಿದರು, ಅವರಲ್ಲಿ 12,000 ಮಂದಿ ಸತ್ತರು. ಬದುಕಿ ಬಂದವರು 1934–35ರಲ್ಲಿ ಎಲ್ಲರಂತೆಯೇ ಈ ಶಿಲುಬೆಗೆ ಅರ್ಜಿ ಹಾಕಿದರು, ಎಲ್ಲರಂತೆಯೇ ಪಡೆದರು. 'ಫ್ಯೂರರನ ಹೆಸರಿನಲ್ಲಿ', ಅಂದರೆ ಹಿಟ್ಲರನ ಹೆಸರಿನಲ್ಲಿ, ಎಂದು ಅಚ್ಚಾದ ಹಾಳೆ ಕೈಗೆ ಬಂದ ಹೊತ್ತಿನಲ್ಲೇ ಅದೇ ಸರ್ಕಾರ ಅವರ ನೌಕರಿ, ಪೌರತ್ವ, ಮನೆಮಠಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿತ್ತು. 1918ರ ಆಗಸ್ಟಿನಲ್ಲಿ ಹಿಟ್ಲರನಿಗೆ ಮೊದಲನೆಯ ದರ್ಜೆಯ ಕಬ್ಬಿಣದ ಶಿಲುಬೆ ಸಿಕ್ಕಿತಲ್ಲ, ಅದಕ್ಕೆ ಶಿಫಾರಸು ಮಾಡಿದ ಅಧಿಕಾರಿ ಹ್ಯೂಗೋ ಗುಟ್‌ಮನ್ ಕೂಡ ಯಹೂದಿ. ಅವನೂ ಮುಂದೆ ದೇಶ ಬಿಟ್ಟು ಓಡಬೇಕಾಯಿತು.

ಇನ್ನು ಅಸಲಿ, ನಕಲಿಯ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಈ ಸಂಗ್ರಹದಲ್ಲಿ ದಿನವೂ ನೆನೆಯಬೇಕು. ಕಬ್ಬಿಣದ ಶಿಲುಬೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ಮೂರು ತುಂಡಿನ ಕೆಲಸ. ನಡುವೆ ಕಪ್ಪು ಬಣ್ಣ ಹಚ್ಚಿದ ಕಬ್ಬಿಣ. ಅದನ್ನು ಮುಂದಿನಿಂದ, ಹಿಂದಿನಿಂದ ಅಪ್ಪಿ ಹಿಡಿದ ಬೆಳ್ಳಿಯ ಎರಡು ಚೌಕಟ್ಟು. ಎರಡೂ ಕೂಡುವ ಕಡೆ ಬೆಸುಗೆ. ಭೂತಗನ್ನಡಿ ಹಿಡಿದು ಅಂಚನ್ನು ಸುತ್ತ ನೋಡಿದರೆ ಬೆಸುಗೆಯ ಗೆರೆ ಕಾಣಬೇಕು. ಅಯಸ್ಕಾಂತ ತಾಕಿಸಿದರೆ ನಡುವಿನ ಭಾಗ ಅಂಟಬೇಕು. ಚೌಕಟ್ಟಿನ ಒಳಅಂಚಿನ ಸಣ್ಣ ಮಣಿಸಾಲು ಚೂಪಾಗಿರಬೇಕು. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಆ ಮಣಿಗಳು ಮಂಕಾಗಿರುತ್ತವೆ. ಎರಕದ ಗಾಳಿಗುಳ್ಳೆಯ ಸಣ್ಣ ಕುಳಿಗಳೂ ಕಣ್ಣಿಗೆ ಬೀಳುತ್ತವೆ. ಹಾಗೆಂದು ಅಯಸ್ಕಾಂತವನ್ನೇ ನ್ಯಾಯಾಧೀಶನನ್ನಾಗಿ ಮಾಡಬೇಡಿ. ಅಂಟದ ಅಸಲಿಗಳೂ ಇವೆ, ಅಂಟುವ ನಕಲಿಗಳಂತೂ ಬೇಕಾದಷ್ಟಿವೆ. ಒಂದು ಪರೀಕ್ಷೆ ಗೆದ್ದರೆ ಸಾಲದು, ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಬೇಕು.

ತಯಾರಕರ ಗುರುತು ಇನ್ನೊಂದು ಸಾಕ್ಷಿ. ಬರ್ಲಿನ್ನಿನ ಗೊಡೇ (Godet), ಮ್ಯೂನಿಕ್ಕಿನ ಡೆಶ್ಲರ್, ಲ್ಯೂಡೆನ್‌ಶೈಡಿನ ಸ್ಟೈನ್‌ಹೌವರ್ ಆ್ಯಂಡ್ ಲ್ಯೂಕ್ ಹೀಗೆ ಅನೇಕ ಹೆಸರಾಂತ ಕಾರ್ಖಾನೆಗಳಿದ್ದವು. 1914ರ ಎರಡನೆಯ ದರ್ಜೆಯ ಶಿಲುಬೆಯಲ್ಲಿ ತೂಗುಹಾಕುವ ಬಳೆಯ ಮೇಲೆ, ಹಿಂಡೆನ್‌ಬರ್ಗ್ ಶಿಲುಬೆಯಲ್ಲಿ ಬೆನ್ನಿನ ಮೇಲೆ ಪುಟ್ಟ ಅಕ್ಷರಗಳು ಸಿಗುತ್ತವೆ. ಸಿಗದಿದ್ದರೂ ಗಾಬರಿ ಬೇಡ, ಗುರುತಿಲ್ಲದ ಅಸಲಿಗಳು ಹೇರಳ. ರಿಬ್ಬನ್ನಿಗೂ ಒಂದು ಪರೀಕ್ಷೆ ಇದೆ. ಕತ್ತಲೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಈಚಿನ ಕೃತಕ ನೂಲು ಬೆಳ್ಳಗೆ, ನೀಲಿಯಾಗಿ ಮಿಂಚುತ್ತದೆ. ಹಾಗೆ ಮಿಂಚಿಸುವ, ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದೇ ಮುಖ್ಯವಾಗಿ ಎರಡನೆಯ ಮಹಾಯುದ್ಧದ ಆಮೇಲೆ. ಆದರೆ ಹಳೆಯ ರಿಬ್ಬನ್ನನ್ನು ಮನೆಯಾಕೆ ಯಾವತ್ತೋ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಮಿಂಚಬಹುದು. ಅಸಲಿ ಪದಕಕ್ಕೆ ಹೊಸ ರಿಬ್ಬನ್ ಹಾಕಿರುವುದೂ ಉಂಟು. ಮಿಂಚಿತು ಎಂದರೆ ಪದಕ ಸುಳ್ಳು ಎಂದು ತೀರ್ಪು ಕೊಡದೆ, ಕೇಳಬೇಕಾದ ಪ್ರಶ್ನೆ ಒಂದು ಹೆಚ್ಚಾಯಿತು ಎಂದು ತಿಳಿಯಿರಿ.

ಹೊಸಬರು ದೂರ ಇರಬೇಕಾದ ವಸ್ತುಗಳೂ ಇವೆ. ಪೂರ್ ಲ ಮೆರಿಟ್ ಅವುಗಳಲ್ಲಿ ಮೊದಲನೆಯದು. ವೈಮಾನಿಕರಾದ ಬೋಲ್ಕೆ, ಇಮ್ಮೆಲ್‌ಮನ್‌ಗೆ 1916ರ ಜನವರಿಯಲ್ಲಿ, ಮರುವರ್ಷದ ಜನವರಿಯಲ್ಲಿ ರಿಕ್ಟ್‌ಹೋಫೆನ್ನನಿಗೆ ಅದು ಸಿಕ್ಕ ಮೇಲೆ ಜಗತ್ತಿಗೆಲ್ಲ ಅದರ ಹುಚ್ಚು ಹಿಡಿಯಿತು. ಇಡೀ ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಪಡೆದವರು ಏಳುನೂರರ ಒಳಗೆ. ಪಡೆದವರಲ್ಲಿ ಕೊನೆಗೆ ಉಳಿದ ಲೇಖಕ ಅರ್ನ್‌ಸ್ಟ್ ಯುಂಗರ್ 1998ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡ. ಪಡೆದವರು ಇಷ್ಟೇ ಜನ, ಮಾರಾಟಕ್ಕಿರುವ ನೀಲಿ ಶಿಲುಬೆಗಳಿಗೆ ಲೆಕ್ಕವೇ ಇಲ್ಲ! ಯುದ್ಧದ ನಡುವೆ, 1916ರಲ್ಲಿ, ಚಿನ್ನ ಉಳಿಸಲು ಚಿನ್ನದ ಬದಲು ಚಿನ್ನದ ಲೇಪದ ಬೆಳ್ಳಿಯಲ್ಲಿ ಮಾಡತೊಡಗಿದರು ಎಂಬಂಥ ಸೂಕ್ಷ್ಮಗಳೆಲ್ಲ ನಕಲಿ ಮಾಡುವವನಿಗೂ ಗೊತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಸಾಮಾನ್ಯ ಪದಕಗಳನ್ನು ಸಾಕಷ್ಟು ಕೈಯಲ್ಲಿ ಹಿಡಿದು, ತಿರುವಿ ಮುರುವಿ ನೋಡಿದವನಿಗೇ ಅಸಾಮಾನ್ಯದ ಸುಳ್ಳು ಗೊತ್ತಾಗುವುದು.

ಕೊಳ್ಳುವಾಗ ವಸ್ತುವನ್ನು ನೋಡುವಷ್ಟೇ ಮಾರುವವನನ್ನೂ ನೋಡಿ. ಅಸಲಿ ಎಂದು ಬರೆದುಕೊಟ್ಟು, ಅಲ್ಲವೆಂದು ತಿಳಿದರೆ ಹಣ ಹಿಂದಿರುಗಿಸುವೆನೆಂದು ಒಪ್ಪುವವರಲ್ಲಿ ಮಾತ್ರ ವ್ಯಾಪಾರ. ಮ್ಯೂನಿಕ್ ಬಳಿಯ ಹರ್ಮನ್ ಹಿಸ್ಟೋರಿಕ, ಓಸ್ನಾಬ್ರುಕ್ಕಿನ ಕ್ಯೂಂಕರ್ ಮುಂತಾದ ಹರಾಜು ಸಂಸ್ಥೆಗಳ ಕ್ಯಾಟಲಾಗುಗಳನ್ನು ಕೊಳ್ಳದೆ ಬರೀ ಓದಿದರೂ ಲಾಭವೇ. ಚಿತ್ರ, ವರ್ಣನೆ, ಬೆಲೆ ಮೂರೂ ಒಟ್ಟಿಗೆ ಸಿಗುತ್ತವೆ. ಯೋರ್ಗ್ ನಿಮ್ಮರ್‌ಗುಟ್ ರೂಪಿಸಿದ ಓ.ಇ.ಕೆ. ಎಂಬ ಕ್ಯಾಟಲಾಗಿದೆ. 1800ರಿಂದ 1945ರವರೆಗಿನ ಜರ್ಮನ್ ಪದಕಗಳಿಗೆ ಅದರಲ್ಲಿ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ವ್ಯಾಪಾರಿಗಳು ಆ ಸಂಖ್ಯೆಯಲ್ಲೇ ಮಾತಾಡುತ್ತಾರೆ. ಮೊದಲ ಪದಕಕ್ಕಿಂತ ಮೊದಲು ಕೊಳ್ಳಬೇಕಾದದ್ದು ಆ ಪುಸ್ತಕ.

ಈಗ ಹೆಸರು ಹುಡುಕುವ ಭಾಗಕ್ಕೆ ಬರೋಣ. ಜರ್ಮನ್ ಸೈನಿಕ ತನ್ನ ಪದಕಗಳನ್ನು ಒಂದು ತಗಡಿನ ಪಟ್ಟಿಗೆ ಸಾಲಾಗಿ ಹೊಲಿಸಿಕೊಂಡು ಎಡ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ. ಈ ಎದೆಪಟ್ಟಿಯನ್ನು ಓದಲು ಬರುತ್ತದೆ. ಕಬ್ಬಿಣದ ಶಿಲುಬೆಯ ಪಕ್ಕದಲ್ಲಿ ಬವೇರಿಯದ ಪದಕವಿದ್ದರೆ ಅವನು ಬವೇರಿಯದ ಪಡೆಯವನಿರಬೇಕು. ಸಾಲಿನಲ್ಲಿ ಹಿಂಡೆನ್‌ಬರ್ಗ್ ಶಿಲುಬೆ ಇದ್ದರೆ, ಪಟ್ಟಿಯನ್ನು ಈಗಿರುವ ರೂಪದಲ್ಲಿ ಹೊಲಿದದ್ದು 1934ರ ಆಮೇಲೆಯೇ. ರಣರಂಗದ ಕಪ್ಪು ಬಿಳುಪು ರಿಬ್ಬನ್ನಿನ ಕಬ್ಬಿಣದ ಶಿಲುಬೆಯ ಜೊತೆ ಕತ್ತಿಗಳಿಲ್ಲದ ಹಿಂಡೆನ್‌ಬರ್ಗ್ ಶಿಲುಬೆ ಇದ್ದರೆ ಏಕೆ ಎಂದು ಕೇಳಬೇಕು. ಕಪ್ಪು ಶಿಲುಬೆ ಗಂಡಸಿನ ಸಾಲಿನಲ್ಲಿದ್ದರೆ, ಅವನು ಮಗನನ್ನು ಕಳೆದುಕೊಂಡ ತಂದೆಯೋ ಎಂದು ಇನ್ನೂ ಗಟ್ಟಿಯಾಗಿ ಕೇಳಬೇಕು. ಹಿಂಬದಿಯ ಬಟ್ಟೆ, ಹೊಲಿಗೆಯ ದಾರ, ದರ್ಜಿಯಂಗಡಿಯ ಚೀಟಿ ಒಂದಕ್ಕೊಂದು ಹೊಂದಬೇಕು. ಇಂಥ ಪಟ್ಟಿ ಸಿಕ್ಕರೆ ಯಾವ ಕಾರಣಕ್ಕೂ ಬಿಚ್ಚಬೇಡಿ. ಬಿಡಿಬಿಡಿಯಾಗಿ ಮಾರಿದರೆ ಹಣ ಹೆಚ್ಚು ಬರುತ್ತದೆ ಎಂದು ಬಿಚ್ಚಿದವರು ಒಬ್ಬ ಮನುಷ್ಯನ ಕೊನೆಯ ಗುರುತನ್ನೂ ಅಳಿಸಿಬಿಡುತ್ತಾರೆ.

ಕಾಗದಗಳಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಮಿಲಿಟೇರ್‌ಪಾಸ್ ಎಂಬ ಪುಟ್ಟ ಪುಸ್ತಕ. ಸೈನಿಕ ಹುಟ್ಟಿದ ಊರು, ಕಸುಬು, ಸೇರಿದ ದಿನ, ಹೋರಾಡಿದ ಕದನಗಳು, ಗಾಯ, ಪದಕ ಎಲ್ಲ ಅದರಲ್ಲಿ ದಾಖಲು. ಆದರೆ ಕೈಬರಹ ಹಳೆಯ ಜರ್ಮನ್ ಲಿಪಿಯಲ್ಲಿ ಇರುತ್ತದೆ. ಇಂದಿನ ಜರ್ಮನ್ನರಿಗೇ ಓದಲು ಕಷ್ಟ. ಕೆಲವು ವಾರ ಕೂತು ಆ ಅಕ್ಷರಗಳನ್ನು ಕಲಿತರೆ, ಬೇರೆಯವರು ಓದಲಾಗದೆ ಅಗ್ಗಕ್ಕೆ ಬಿಟ್ಟ ಕಾಗದ ನಿಮ್ಮದಾಗುತ್ತದೆ.

ಹೆಸರು ಸಿಕ್ಕ ಮೇಲೆ ಪತ್ರಾಗಾರ. ಇಲ್ಲಿ ಒಂದು ದುರಂತವಿದೆ. ಪ್ರಷ್ಯದ ಸೈನ್ಯದ ದಾಖಲೆಗಳನ್ನು ಪಾಟ್ಸ್‌ಡ್ಯಾಮಿನಲ್ಲಿ ಇಟ್ಟಿದ್ದರು. 1945ರ ಏಪ್ರಿಲಿನ ಬ್ರಿಟಿಷ್ ಬಾಂಬ್ ದಾಳಿಯಲ್ಲಿ ಅವುಗಳಲ್ಲಿ ಬಹುಪಾಲು ಸುಟ್ಟುಹೋದವು. ಬವೇರಿಯದ ದಾಖಲೆಗಳು ಮ್ಯೂನಿಕ್ಕಿನಲ್ಲಿ, ವ್ಯುರ್ಟೆಂಬರ್ಗಿನವು ಸ್ಟುಟ್‌ಗಾರ್ಟಿನಲ್ಲಿ ಉಳಿದವು. ಅದರಿಂದ ಬವೇರಿಯದ ಒಬ್ಬ ಸಾಮಾನ್ಯ ಸಿಪಾಯಿಯ ಸೇವೆಯ ಕತೆಯನ್ನು ಇವತ್ತೂ ತೆಗೆಯಬಹುದು, ಅವನಿಗಿಂತ ದೊಡ್ಡ ಪ್ರಷ್ಯದ ಅಧಿಕಾರಿಯದು ಸಿಗದೆ ಹೋಗಬಹುದು. ಹೆಸರು ಹುಡುಕುವುದರಲ್ಲಿ ಆಸಕ್ತಿ ಇರುವವನು ಬವೇರಿಯವನ್ನು ತನ್ನ ವಲಯವಾಗಿ ಆರಿಸಿಕೊಂಡರೆ ಅದು ಜಾಣತನ. ಪ್ರಷ್ಯದವರಿಗೆ ಉಳಿದಿರುವ ಒಂದು ದಾರಿ ಯುದ್ಧಕಾಲದಲ್ಲಿ ಅಚ್ಚಾದ ಸತ್ತವರ, ಗಾಯಾಳುಗಳ, ಕಾಣೆಯಾದವರ ಪಟ್ಟಿಗಳು. ಅವು ಈಗ ಕಂಪ್ಯೂಟರಿನಲ್ಲಿ ಹುಡುಕಲು ಸಿಗುತ್ತವೆ.

ಕನ್ನಡದವರಿಗೆ ಈ ಹುಡುಕಾಟದಲ್ಲಿ ಒಂದು ಸಹಜವಾದ ವಿಷಯವೂ ಉಂಟು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದದ್ದು ನಿಮಗೆ ಗೊತ್ತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಅವರ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿನವು. ಅಂದು ಸೆರೆಸಿಕ್ಕ 1,350 ಜನರಲ್ಲಿ ತುರ್ಕಿಯವರ ಜೊತೆ ಜರ್ಮನ್ನರೂ ಇದ್ದರು. ಪ್ಯಾಲೆಸ್ಟೈನಿನ ತುರ್ಕಿ ಸೈನ್ಯಗಳ ದಳಪತಿಯೇ ಲೀಮನ್ ಫಾನ್ ಸ್ಯಾಂಡರ್ಸ್ ಎಂಬ ಜರ್ಮನ್. ಆ ರಂಗದಲ್ಲಿ ಹೋರಾಡಿದ ಜರ್ಮನ್ನರಿಗೆ ತುರ್ಕಿಯ ಸುಲ್ತಾನ ಐದನೆಯ ಮೆಹಮದ್ 1915ರಲ್ಲಿ ಸ್ಥಾಪಿಸಿದ ನಕ್ಷತ್ರ ಪದಕ ಸಿಗುತ್ತಿತ್ತು. ಕೆಂಪು ಎನಾಮೆಲ್, ಅರ್ಧಚಂದ್ರ, ಸುಲ್ತಾನನ ಅಂಕಿತ, ಹಿಜರಿ 1333 ಎಂಬ ಇಸವಿ. ಜರ್ಮನ್ನರು ಅದನ್ನು 'ಕಬ್ಬಿಣದ ಅರ್ಧಚಂದ್ರ' ಎಂದು ಕರೆದರು, ಜರ್ಮನಿಯ ಕಾರ್ಖಾನೆಗಳಲ್ಲೂ ಅದು ತಯಾರಾಗುತ್ತಿತ್ತು. ಕಬ್ಬಿಣದ ಶಿಲುಬೆಯೂ ಈ ಅರ್ಧಚಂದ್ರವೂ ಒಂದೇ ಮಿಲಿಟೇರ್‌ಪಾಸಿನಲ್ಲಿ ದಾಖಲಾಗಿದ್ದರೆ, ಅದರ ಒಡೆಯ ನಮ್ಮ ಸವಾರರ ಎದುರಿನ ಸಾಲಿನಲ್ಲಿ ನಿಂತವನೋ ಎಂದು ಕದನಗಳ ಪಟ್ಟಿಯನ್ನು ತೆರೆದು ನೋಡಬಹುದು. ಇನ್ನೂ ಹತ್ತಿರದ್ದು ಬೇಕೆಂದರೆ, 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡಿನ ಮಳೆ ಸುರಿಸಿದ ಜರ್ಮನ್ ಯುದ್ಧನೌಕೆ ಎಮ್ಡೆನ್ ಇದೆ. ಅದು ಕೋಕೋಸ್ ದ್ವೀಪದ ಬಳಿ ನಾಶವಾದ ಮೇಲೆ ಕೈಸರ್ ಹಡಗಿಗೇ ಕಬ್ಬಿಣದ ಶಿಲುಬೆ ಕೊಟ್ಟ.

ಇನ್ನು ಕಷ್ಟದ ಮಾತು. ಜರ್ಮನ್ ಪದಕ ಎಂದ ಕೂಡಲೆ ಕೇಳುವವರ ಮನಸ್ಸಿಗೆ ಮೊದಲು ಬರುವುದು ಹಿಟ್ಲರನ ಕಾಲ. ಮಾರುಕಟ್ಟೆಯಲ್ಲೂ ಅದಕ್ಕೇ ಬೇಡಿಕೆ, ಆದ್ದರಿಂದ ಅದರಲ್ಲೇ ನಕಲಿ ಹೆಚ್ಚು. ಜರ್ಮನಿಯ ದಂಡಸಂಹಿತೆಯ 86ಎ ವಿಧಿ ಸ್ವಸ್ತಿಕದ ನಾಜಿ ಚಿಹ್ನೆಯನ್ನು ಬಹಿರಂಗವಾಗಿ ತೋರಿಸುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿದೆ. ಶಿಕ್ಷಣ, ಸಂಶೋಧನೆ, ಕಲೆ, ಇತಿಹಾಸದ ಉದ್ದೇಶಕ್ಕೆ ವಿನಾಯಿತಿ ಉಂಟು. ಅಲ್ಲಿನ ಮಾರಾಟದ ಚಿತ್ರಗಳಲ್ಲಿ ಆ ಚಿಹ್ನೆಯ ಮೇಲೆ ತೇಪೆ ಹಾಕಿರುವುದು ಅದಕ್ಕೇ. 1957ರ ಜುಲೈ 26ರ ಕಾನೂನಿನ ಪ್ರಕಾರ ಹಳೆಯ ಸೈನಿಕರು ಆ ಕಾಲದ ಪದಕವನ್ನು ಸ್ವಸ್ತಿಕವಿಲ್ಲದ ರೂಪದಲ್ಲಿ ಮಾತ್ರ ತೊಡಬಹುದಿತ್ತು. ಅದಕ್ಕೆಂದು ಹೊಸ ಪದಕಗಳನ್ನು ಅಚ್ಚುಹಾಕಿದರು. 1939 ಎಂಬ ಇಸವಿ ಇದ್ದು, ನಡುವೆ ಓಕ್ ಎಲೆ ಇರುವ ಕಬ್ಬಿಣದ ಶಿಲುಬೆ ಕಂಡರೆ ಅದು 1957ರ ನಂತರದ್ದು. ಅದನ್ನು 'ಯುದ್ಧಕಾಲದ ವಿರಳ ಮಾದರಿ' ಎಂದು ಮಾರುವವರಿದ್ದಾರೆ, ಹುಷಾರು.

ಕಾನೂನಿಗಿಂತ ಮೇಲಿನ ಪ್ರಶ್ನೆ ಮನಸ್ಸಿನದು. ಹೊಸಬನಿಗೆ ನನ್ನ ಸಲಹೆ, 1918ರವರೆಗಿನ ಯುದ್ಧಗಳ ಪದಕಗಳಿಂದ ತೊಡಗಿ; 1934ರಲ್ಲಿ ಹುಟ್ಟಿದರೂ ಹಿಂಡೆನ್‌ಬರ್ಗ್ ಶಿಲುಬೆಯೂ ಅಂಥದೇ. ನಾಜಿ ಕಾಲದ ವಸ್ತು ಕೈಗೆ ಬಂದರೆ ಅದನ್ನು ಗೋಡೆಯ ಅಲಂಕಾರ ಮಾಡಬೇಡಿ. ಏನಾಯಿತು, ಯಾರಿಗಾಯಿತು ಎಂಬ ಪೂರ್ತಿ ಬರಹ ಜೊತೆಗಿಲ್ಲದೆ ಯಾರಿಗೂ ತೋರಿಸಬೇಡಿ. ಆ ಕಾಲದ ಶೌರ್ಯದ ಮಾತನ್ನಷ್ಟೇ ಆಡಿ ಅಪರಾಧದ ಮಾತನ್ನು ನುಂಗುವ ಸಂಗ್ರಾಹಕ ಇತಿಹಾಸ ಬಲ್ಲವನಲ್ಲ. ಹಾಗಾಡುವ ಗುಂಪುಗಳಿಂದ ದೂರವಿರಿ.

ಇನ್ನು ಮನೆಯಲ್ಲಿ ಕಾಪಾಡುವ ಬಗೆ. ನಮ್ಮ ಹವೆಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರಿಗಂತೂ ಹೇಳಬೇಕಾಗಿಲ್ಲ. ತುಕ್ಕು ಹಿಡಿದರೆ ಕಬ್ಬಿಣ ಉಬ್ಬಿ ಬೆಳ್ಳಿಯ ಚೌಕಟ್ಟನ್ನೇ ಬಿರಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ ಬೇಡ, ಅದು ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಾಗಿ ಉಳಿದುಬಿಡುತ್ತದೆ. ಮುಖ್ಯವಾಗಿ, ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ಬೆಳಗಬೇಡಿ. ನೂರು ವರ್ಷದ ಮಾಸಲು ಬಣ್ಣವೇ ಅದರ ವಯಸ್ಸಿನ ಸಾಕ್ಷಿ, ಅದು ಹೋದರೆ ಬೆಲೆಯೂ ಹೋಯಿತು.

ನಮ್ಮ ದೇಶದ ಕಾನೂನೂ ನೆನಪಿರಲಿ. ಹೊರಗಿನಿಂದ ತರಿಸುವಾಗ ಸುಂಕದ ಲೆಕ್ಕವನ್ನು ಮೊದಲೇ ಕೇಳಿಕೊಳ್ಳಿ. 1972ರ ಪ್ರಾಚ್ಯವಸ್ತು ಕಾಯಿದೆಯು ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ವ್ಯಕ್ತಿಗಳು ತಾವಾಗಿ ದೇಶದಿಂದ ಹೊರಗೆ ಕಳಿಸುವುದನ್ನು ತಡೆಯುತ್ತದೆ. ಇಷ್ಟವಾಗದಿದ್ದರೆ ವಾಪಸು ಮಾರಿದರಾಯಿತು ಎಂಬ ಲೆಕ್ಕದಲ್ಲಿ ಕೊಳ್ಳಬೇಡಿ. ಮಾರಬೇಕೆನಿಸಿದಾಗ ಕಾನೂನು ಬಲ್ಲವರನ್ನು ಕೇಳಿಯೇ ಮುಂದುವರಿಯಿರಿ.

ಕೊನೆಯದಾಗಿ ಒಂದು ದಪ್ಪ ನೋಟ್‌ಬುಕ್ ಇಡಿ. ಒಂದೊಂದು ಪದಕಕ್ಕೂ ಒಂದು ಪುಟ, ಪುಟದಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಲೋಹ, ರಿಬ್ಬನ್, ಮುದ್ರೆ ತಾವೇ ಹೇಳುವುದು. ಎರಡನೆಯದರಲ್ಲಿ ಮಾರಿದವನು ಹೇಳಿದ್ದು. ಮೂರನೆಯದರಲ್ಲಿ ನೀವು ಕಾಗದ, ಪತ್ರಾಗಾರ, ಪುಸ್ತಕ ನೋಡಿ ಖಚಿತ ಮಾಡಿಕೊಂಡದ್ದು. ಹೆಸರಿಲ್ಲದ ಪದಕಗಳ ಸುತ್ತ ಕತೆಗಳು ಬೇಗ ಬೆಳೆಯುತ್ತವೆ. ವೆರ್ಡನ್ ಕದನದಲ್ಲಿ ಹೋರಾಡಿದ ವೀರನದು, ಸೇನಾಪತಿಯ ಮೊಮ್ಮಗನ ಮನೆಯಿಂದ ಬಂದದ್ದು ಎಂದೆಲ್ಲ. ಕೇಳಿ, ಬರೆದುಕೊಳ್ಳಿ, ಆದರೆ ಎರಡನೆಯ ಕಾಲಮ್ಮಿನಲ್ಲೇ ಬರೆದುಕೊಳ್ಳಿ. ನಿಮ್ಮ ಪೆಟ್ಟಿಗೆ ಮುಂದೆ ಯಾರ ಕೈಗೆ ಹೋದರೂ, ಅವರಿಗೆ ಯಾವುದು ನಿಜ, ಯಾವುದು ಬರಿಯ ಮಾತು ಎಂದು ಬೇರೆಯಾಗಿ ತಿಳಿಯಬೇಕು. ಮೂರನೆಯ ಕಾಲಂ ವರ್ಷಗಟ್ಟಲೆ ಖಾಲಿ ಉಳಿದರೂ ಪರವಾಗಿಲ್ಲ, ಎರಡನೆಯದರಿಂದ ಕಡ ತಂದು ಅದನ್ನು ತುಂಬಬೇಡಿ.